ನಮ್ಮ ನಿಮ್ಮಲ್ಲಿ: ಬೀಗದ ಕೈ ಯಾರಲ್ಲಿದೆ?

ಕಳೆದ ಸಂಚಿಕೆ ಸದಸ್ಯರ ಕೈಸೇರಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮೂರು, ಬರೆದವರು ಮೊದಲೇ ಮಾತಾಡಿಕೊಂಡಿದ್ದರೋ ಎಂಬಂತೆ, ಒಂದೇ ವಿಷಯವನ್ನು ಕುರಿತಿದ್ದವು. ಮೊದಲನೆಯದು ಹನುಮಾನ್ ಘಾಟಿನ ಕಡೆಯ ಸೋದರಿಯೊಬ್ಬರದು. "ನಮ್ಮ ಯಜಮಾನರಿಗೆ ಕಛೇರಿಯವರು ಮೊಬೈಲು ಕೊಟ್ಟಿದ್ದಾರೆ. ಮಕ್ಕಳು ಅದರಲ್ಲಿ ಪಾಠ ನೋಡುತ್ತಾರೆ. ನಾನು ಅದರಲ್ಲೇ ತವರಿಗೆ ಮಾತಾಡುತ್ತೇನೆ. ಇದನ್ನೆಲ್ಲ ಅಲ್ಲಿ ಯಾರಾದರೂ ನೋಡುತ್ತಾರೆಯೇ, ಕೇಳುತ್ತಾರೆಯೇ?" ಎಂಬುದು ಅವರ ಪ್ರಶ್ನೆ. ಎರಡನೆಯದು ಲಂಕಾ ಬಳಿ ಕೋಣೆ ಹಿಡಿದಿರುವ ತರುಣನೊಬ್ಬನದು. ಸ್ವಂತ ದುಡ್ಡಿನಲ್ಲಿ ಕೊಂಡ ಫೋನಿಗೆ ಕಛೇರಿಯ ಆ್ಯಪ್ ಹಾಕಿಕೊಳ್ಳಬೇಕೆಂದು ಮೇಲಿನವರು ಹೇಳಿದ್ದಾರಂತೆ. ಹಾಕಿಕೊಳ್ಳುವುದೋ ಬೇಡವೋ ಎಂದು ಕೇಳಿದ್ದಾನೆ. ಮೂರನೆಯದು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರದು. ಅವರದು ಪ್ರಶ್ನೆಯಲ್ಲ, ತೀರ್ಪು: "ಸಂಬಳ ತೆಗೆದುಕೊಳ್ಳುವವನಿಗೆ ಮುಚ್ಚುಮರೆ ಏಕೆ ಬೇಕು? ತಪ್ಪು ಮಾಡದವನಿಗೆ ಭಯವೇನು?"

ಹಿರಿಯರ ಮಾತಿಗೆ ಕೊನೆಯಲ್ಲಿ ಬರುತ್ತೇವೆ. ಮೊದಲು ಸೋದರಿಯ ಪ್ರಶ್ನೆ.

ಹಿಂದೆ ಕಛೇರಿಯ ಕೆಲಸವೆಂದರೆ ಕಛೇರಿಯಲ್ಲೇ ಉಳಿಯುತ್ತಿತ್ತು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಒಳಹೊಕ್ಕವರು ಸಂಜೆ ಹೊರಬಿದ್ದರೆ, ಮರುದಿನ ಬೆಳಗಿನವರೆಗೆ ಅವರು ಯಾರ ಕಣ್ಣಿಗೂ ಬೀಳಬೇಕಾಗಿರಲಿಲ್ಲ. ಗೊದೌಲಿಯದಲ್ಲಿ ಲಸ್ಸಿ ಕುಡಿದರೋ, ಸಂಕಟಮೋಚನಕ್ಕೆ ಹೋದರೋ, ಸಾಹೇಬರಿಗೆ ತಿಳಿಯುವ ಬಗೆಯೇ ಇರಲಿಲ್ಲ. ಈಗ ಕಛೇರಿಯೇ ಜೇಬಿನಲ್ಲಿ ಕುಳಿತು ಮನೆಗೆ ಬರುತ್ತದೆ; ಊಟದೆಲೆಯ ಪಕ್ಕದಲ್ಲಿ, ದಿಂಬಿನ ಮಗ್ಗುಲಲ್ಲಿ, ದೇವರ ಮನೆಯ ಹೊಸ್ತಿಲ ಮೇಲೆ ಇರುತ್ತದೆ. ಬಂದ ಅತಿಥಿ ಎಂಥವನೆಂದು ತಿಳಿದುಕೊಳ್ಳುವುದು ಮನೆಯವರೆಲ್ಲರಿಗೂ ಸಂಬಂಧಿಸಿದ ಮಾತು.

ಕಛೇರಿಗಳು ಕೊಡುವ ಫೋನುಗಳಲ್ಲಿ ಸಾಮಾನ್ಯವಾಗಿ ಒಂದು ವ್ಯವಸ್ಥೆ ಇರುತ್ತದೆ. ಅದನ್ನು ಎಂ.ಡಿ.ಎಂ. ಎನ್ನುತ್ತಾರೆ. ದೂರದಲ್ಲಿ ಕುಳಿತ ಮೇಲ್ವಿಚಾರಕನ ಕೈಯಲ್ಲಿ ಆ ಫೋನಿನ ಇನ್ನೊಂದು ಬೀಗದ ಕೈ ಇದೆಯೆಂದು ತಿಳಿದರೆ ಸಾಕು. ಯಾವ ಆ್ಯಪ್ ಇರಬೇಕು, ಯಾವುದು ಇರಬಾರದು, ಗುಪ್ತಸಂಖ್ಯೆ ಎಷ್ಟು ಉದ್ದವಿರಬೇಕು ಎಂಬುದನ್ನೆಲ್ಲ ಅವನು ಅಲ್ಲಿಂದಲೇ ನಿಶ್ಚಯಿಸಬಲ್ಲ. ಫೋನು ಕಳೆದರೆ ಅದಕ್ಕೆ ಬೀಗ ಹಾಕಬಲ್ಲ, ಒಳಗಿರುವುದನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಡಬಲ್ಲ. ಪೂರ್ತಿಯಾಗಿ ಕಛೇರಿಯದೇ ಆದ ಫೋನಾದರೆ ಅದರಲ್ಲಿರುವ ಆ್ಯಪ್‌ಗಳ ಪಟ್ಟಿ ಅವನಿಗೆ ಕಾಣುತ್ತದೆ. ಅದಕ್ಕೆ ಬೇಕಾದ ಸಾಧನ ಹಾಕಿದ್ದರೆ ಫೋನು ಎಲ್ಲಿದೆಯೆಂಬುದೂ ಕಾಣುತ್ತದೆ. ಕಛೇರಿಯ ಜಾಲದ ಮೂಲಕ, ಅಂದರೆ ವಿ.ಪಿ.ಎನ್. ಎಂಬ ದಾರಿಯಲ್ಲಿ, ಹೋದರೆ ಯಾವ ಯಾವ ತಾಣಗಳಿಗೆ ಹೋದಿರೆಂಬುದು ದಾಖಲಾಗಬಹುದು. ಸಿಮ್ ಕಛೇರಿಯದಾದರೆ ಯಾವ ಸಂಖ್ಯೆಗೆ ಎಷ್ಟು ಹೊತ್ತು ಮಾತಾಡಿದಿರೆಂಬುದು ಬಿಲ್ಲಿನಲ್ಲೇ ಬರಬಹುದು.

ಕರೆಯ ಮಾತುಗಳನ್ನು ಕೇಳುವುದು, ವಾಟ್ಸ್‌ಆ್ಯಪಿನ ಸಂದೇಶಗಳನ್ನು ಓದುವುದು ಈ ವ್ಯವಸ್ಥೆಯ ಸಾಮಾನ್ಯ ಕೆಲಸವಲ್ಲ. ಹಾಗಾಗಿ ಸೋದರಿ ತವರಿನವರೊಡನೆ ಆಡಿದ ಮಾತನ್ನು ಯಾರೋ ಕುಳಿತು ಕೇಳುತ್ತಿದ್ದಾರೆಂದು ಹೆದರಬೇಕಾಗಿಲ್ಲ. ಆದರೆ ಪೂರ್ತಿ ಅವರ ವಶದಲ್ಲಿರುವ ಫೋನಿಗೆ ಇನ್ನಾವ ಸಾಧನವನ್ನು ಸೇರಿಸಲೂ ಅವರಿಗೆ ದಾರಿ ಉಂಟು. ಆದ್ದರಿಂದ ಕಛೇರಿಯ ಫೋನು ಕಛೇರಿಯ ಕೆಲಸಕ್ಕೇ ಇರಲಿ. ಮಕ್ಕಳ ಪಾಠ, ವೈದ್ಯರ ಚೀಟಿ, ಮಗಳ ಜಾತಕ, ಮನೆಯ ಲೆಕ್ಕ ಇವಕ್ಕೆ ಬೇರೆ ಫೋನು ಇರಲಿ, ಹಳೆಯದಾದರೂ ಚಿಂತೆಯಿಲ್ಲ.

ತರುಣನ ಪ್ರಶ್ನೆ ಇದಕ್ಕಿಂತ ತೊಡಕಿನದು. ಫೋನು ಅವನದು, ಬೀಗದ ಕೈ ಅವರಿಗೂ ಬೇಕು. ಇಲ್ಲಿ ವಿಜ್ಞಾನವೇ ಒಂದು ಒಳ್ಳೆಯ ಉಪಾಯವನ್ನು ಒದಗಿಸಿದೆ. ೨೦೧೪ರಲ್ಲಿ ಬಂದ ಆಂಡ್ರಾಯ್ಡ್ ೫ರಿಂದ ಈಚೆಗೆ 'ವರ್ಕ್ ಪ್ರೊಫೈಲ್' ಎಂಬ ಏರ್ಪಾಡಿದೆ. ಒಂದೇ ಮನೆಯಲ್ಲಿ ನಡುಗೋಡೆ ಎಬ್ಬಿಸಿ ಬೀದಿಯ ಕಡೆಯ ಕೋಣೆಯನ್ನು ಮಾತ್ರ ಬಾಡಿಗೆಗೆ ಕೊಟ್ಟಂತೆ ಅದು. ಕಛೇರಿಯ ಆ್ಯಪ್‌ಗಳಿಗೆ ಚಿಕ್ಕದೊಂದು ಕೈಪೆಟ್ಟಿಗೆಯ ಗುರುತು ಅಂಟಿರುತ್ತದೆ. ಆ ಕೋಣೆಯ ಅಧಿಕಾರ ಅವರದು. ಗೋಡೆಯ ಈಚೆಗಿರುವ ನಿಮ್ಮ ಚಿತ್ರಗಳು, ಸಂದೇಶಗಳು, ನೀವು ಹಾಕಿಕೊಂಡ ಆ್ಯಪ್‌ಗಳು ಅವರಿಗೆ ಕಾಣುವುದಿಲ್ಲ. ಕೆಲಸ ಬಿಟ್ಟಾಗ ಅವರು ತಮ್ಮ ಕೋಣೆಯನ್ನಷ್ಟೇ ತೆರವು ಮಾಡಿಕೊಂಡು ಹೋಗುತ್ತಾರೆ. ಐಫೋನಿನಲ್ಲಿಯೂ ೨೦೧೯ರಿಂದ ಇಂಥದೇ ಬೇರ್ಪಡೆಯ ಕ್ರಮ ಬಂದಿದೆ. ಆದ್ದರಿಂದ ತರುಣನಿಗೆ ನಮ್ಮ ಉತ್ತರ: "ಹಾಕಿಕೊಳ್ಳುತ್ತೇನೆ, ಆದರೆ ಗೋಡೆ ಎಬ್ಬಿಸಿಕೊಡಿ" ಎಂದು ಕೇಳಪ್ಪ. ಕೇಳುವುದು ಉದ್ಧಟತನವಲ್ಲ.

ಗೋಡೆಯಿಲ್ಲದೆ ಬೀಗದ ಕೈ ಕೊಟ್ಟರೆ ಏನಾಗಬಹುದೆಂಬುದಕ್ಕೆ ನಮಗೆ ತಿಳಿದ ಒಂದು ಸಂಗತಿಯನ್ನು ಹೇಳುತ್ತೇವೆ. ನಮ್ಮ ಪರಿಚಿತರೊಬ್ಬರ ಮಗ, ಇಲ್ಲಿ ಒಂದು ಕಂಪನಿಯಲ್ಲಿ ಕೆಲಸದಲ್ಲಿದ್ದವನು, ಸೇರಿದ ಹೊಸದರಲ್ಲಿ ತನ್ನ ಫೋನಿಗೆ ಕಛೇರಿಯ ಅಂಚೆಯನ್ನು ಜೋಡಿಸಿಕೊಂಡ. ಜೋಡಿಸುವಾಗ ಒಂದು ಪುಟ ಬಂತು. ಎಲ್ಲರೂ ಒತ್ತುವಂತೆ ಅವನೂ 'ಒಪ್ಪಿಗೆ' ಎಂದು ಒತ್ತಿದ. ಫೋನನ್ನು ಪೂರ್ತಿಯಾಗಿ ಅಳಿಸುವ ಅಧಿಕಾರವನ್ನು ಕೊಟ್ಟಿರುವುದಾಗಿ ಆ ಪುಟದಲ್ಲಿ ಬರೆದಿತ್ತು. ಆ ವರ್ಷ ಅವನ ತಾಯಿ ಧಾರವಾಡದಿಂದ ಕಾಶೀಯಾತ್ರೆಗೆ ಬಂದರು. ಮಗನೇ ಕೈಹಿಡಿದು ಮೆಟ್ಟಿಲಿಳಿಸಿದ. ಗಂಗೆಯಲ್ಲಿ ಮಿಂದು, ವಿಶ್ವನಾಥನ ದರ್ಶನ ಮಾಡಿ, ಕಾರ್ತಿಕ ಹುಣ್ಣಿಮೆಯ ದೀಪಗಳನ್ನು ದೋಣಿಯಿಂದ ನೋಡಿ ಆ ತಾಯಿ ಮಗುವಿನಂತೆ ಹಿಗ್ಗಿದ್ದರು. ದೋಣಿಯಲ್ಲಿ ಕುಳಿತು ಒಂದು ದೇವರನಾಮ ಹೇಳಿದ್ದನ್ನು ಅವನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ. ಊರಿಗೆ ಹಿಂದಿರುಗಿದವರು ಮರುವರ್ಷ ತೀರಿಕೊಂಡರು.

ಕೆಲವು ತಿಂಗಳಾದ ಮೇಲೆ ಅವನು ರಾಜೀನಾಮೆ ಕೊಟ್ಟ. ಕೊನೆಯ ದಿನ ಎಲ್ಲರಿಗೂ ಸಿಹಿ ಹಂಚಿ, ಕೈಕುಲುಕಿ, ಮನೆಗೆ ಹೊರಟ. ದಾರಿಯಲ್ಲಿ ಫೋನು ತಾನಾಗಿ ಆರಿ ಮತ್ತೆ ಹೊತ್ತಿಕೊಂಡಿತು, ಅಂಗಡಿಯಿಂದ ಅಂದೇ ತಂದದ್ದರಂತೆ. ಕಛೇರಿಯ ಕಾಗದಗಳೊಂದಿಗೆ ತಾಯಿಯ ಮುಖವೂ ದನಿಯೂ ಹೋಗಿದ್ದವು. ಬೇರೆಡೆ ಪ್ರತಿ ತೆಗೆದಿಟ್ಟಿರಲಿಲ್ಲ. ಕೇಳಿದ್ದಕ್ಕೆ, "ಇದು ನಮ್ಮ ವಾಡಿಕೆ, ನೀವೇ ಒಪ್ಪಿಗೆ ಕೊಟ್ಟಿದ್ದೀರಿ" ಎಂಬ ಉತ್ತರ ಬಂತು. ಯಾರಿಗೂ ದುರುದ್ದೇಶವಿರಲಿಲ್ಲ, ಒಬ್ಬ ಗುಮಾಸ್ತ ಪಟ್ಟಿಯಲ್ಲಿದ್ದ ಹೆಸರಿನ ಮುಂದೆ ಗುಂಡಿ ಒತ್ತಿದ್ದ, ಅಷ್ಟೆ. ಆ ತಂದೆ ಇಂದಿಗೂ ನಮ್ಮನ್ನು ಕಂಡಾಗ, "ದನಿ ಒಂದಾದರೂ ಉಳಿದಿದ್ದರೆ" ಎನ್ನುತ್ತಾರೆ.

ಇದು ಕಂಪನಿಗಳಲ್ಲಿ ದುಡಿಯುವವರ ಕಷ್ಟ ಮಾತ್ರವೆಂದು ಯಾರೂ ತಿಳಿಯಬಾರದು. ನಮ್ಮ ಈ ಉತ್ತರ ಪ್ರದೇಶದಲ್ಲೇ ೨೦೧೯ರಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರಿಗೆ 'ಪ್ರೇರಣಾ' ಎಂಬ ಆ್ಯಪ್ ಬಂತು. ಸ್ವಂತ ಫೋನಿನಿಂದ ಮಕ್ಕಳೊಡನೆ ಚಿತ್ರ ತೆಗೆದು ಕಳಿಸಬೇಕೆಂಬುದು ಅದರ ಕ್ರಮ. ನಮ್ಮ ಫೋನನ್ನು ಸರಕಾರಿ ಕೆಲಸಕ್ಕೆ ಏಕೆ ಕೊಡಬೇಕು, ಕಳಿಸಿದ ಚಿತ್ರಗಳು ಯಾರ ಕೈಗೆ ಹೋಗುತ್ತವೆ ಎಂದು ಉಪಾಧ್ಯಾಯರು, ಅದರಲ್ಲೂ ಉಪಾಧ್ಯಾಯಿನಿಯರು, ಕೇಳಿದರು. ೨೦೨೪ರ ಜುಲೈ ೮ರಿಂದ ಶಾಲೆಗೆ ಕೊಟ್ಟ ಟ್ಯಾಬ್ಲೆಟ್ಟಿಗೆ ಮುಖ ತೋರಿಸಿ ಹಾಜರಿ ಹಾಕಬೇಕೆಂದು ಆಜ್ಞೆಯಾಯಿತು. ಮಳೆಗಾಲದ ಹಳ್ಳಿಯ ದಾರಿ, ಅರ್ಧ ದಿನದ ರಜೆಯ ಸೌಲಭ್ಯವಿಲ್ಲದಿರುವುದು ಮೊದಲಾದ ಅಹವಾಲುಗಳನ್ನು ಮುಂದಿಟ್ಟು ರಾಜ್ಯದಾದ್ಯಂತ ಉಪಾಧ್ಯಾಯರು ಪ್ರತಿಭಟಿಸಿದರು. ಜುಲೈ ೧೬ರಂದು ಸರಕಾರ ಆಜ್ಞೆಯನ್ನು ಎರಡು ತಿಂಗಳು ತಡೆಹಿಡಿದು, ವಿಚಾರಿಸಲು ಸಮಿತಿಯೊಂದನ್ನು ಮಾಡುವುದಾಗಿ ಹೇಳಿತು. ಉಪಾಧ್ಯಾಯರು ಹೊತ್ತಿಗೆ ಸರಿಯಾಗಿ ಬರಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಸಮಿತಿ ಆಜ್ಞೆಗೆ ಮೊದಲು ಕೂರಬೇಕಾಗಿತ್ತೇ ಹೊರತು ಆಮೇಲಲ್ಲ.

ಹರಿಯಾಣದ ಆಶಾ ಕಾರ್ಯಕರ್ತೆಯರ ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ೨೦೨೧ರಲ್ಲಿ ಅವರಿಗೆ ಕೆಲಸಕ್ಕೆಂದು ಕೊಟ್ಟ ಫೋನುಗಳಿಗೆ 'ಎಂ.ಡಿ.ಎಂ. ೩೬೦ ಶೀಲ್ಡ್' ಎಂಬ ಆ್ಯಪ್ ಹಾಕಿಕೊಳ್ಳಬೇಕೆಂದು ಹೇಳಿದರು. ತಾವು ಎಲ್ಲಿದ್ದೇವೆಂಬುದು ದಿನವಿಡೀ ಮೇಲಿನವರಿಗೆ ತಿಳಿಯುತ್ತದೆ, ಫೋನು ಬೇರೆಯವರ ಹಿಡಿತಕ್ಕೆ ಹೋಗುತ್ತದೆ ಎಂದು ಆ ಹೆಂಗಸರು ಬೀದಿಗಿಳಿದು ವಿರೋಧಿಸಿದರು. ಬಾಣಂತಿಯ ಮನೆಗೆ ಅಪರಾತ್ರಿಯಲ್ಲೂ ಹೋಗುವವರು ಅವರು. ಅವರ ಫೋನಿನಲ್ಲಿ ಅವರ ಸಂಸಾರದ ಗುಟ್ಟು ಮಾತ್ರವಲ್ಲ, ಹತ್ತಾರು ಮನೆಗಳ ಹೆಂಗಸರು ನಂಬಿ ಹೇಳಿಕೊಂಡ ಮಾತುಗಳೂ ಇರುತ್ತವೆ.

ಯಜಮಾನರ ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. ಒಂದು ಬ್ಯಾಂಕಿನ ನೌಕರನ ಫೋನು ದಶಾಶ್ವಮೇಧದ ಜಂಗುಳಿಯಲ್ಲಿ ಕಳುವಾಯಿತೆನ್ನಿ. ಅದರಲ್ಲಿ ಗಿರಾಕಿಗಳ ಲೆಕ್ಕಪತ್ರವಿದ್ದರೆ, ಕಳ್ಳ ಅದನ್ನು ತೆರೆಯುವ ಮೊದಲೇ ದೂರದಿಂದ ಅಳಿಸುವ ಸಾಧನ ಬೇಕೇ ಬೇಕು. ಆಸ್ಪತ್ರೆಯ ಕಾಗದಗಳೂ ಹಾಗೆಯೇ. ಮಾಲಿಕನು ತನ್ನ ಕೋಣೆಗೆ ಬೀಗ ಹಾಕಿಕೊಳ್ಳುವುದನ್ನು ಬೇಡವೆನ್ನುವವರು ಯಾರು? ಪಡಸಾಲೆಗೆ ಬೀಗ ಹಾಕಲು ಬಂದವನು ಅಡಿಗೆಮನೆಯ ಡಬ್ಬಿಗಳನ್ನೂ ತೆರೆದು ನೋಡುತ್ತಾನೆ ಎಂಬುದಷ್ಟೇ ನಮ್ಮ ತಕರಾರು.

ಇನ್ನು ಕಾನೂನು. ಇಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಹೆಸರೊಂದಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು, ಮೊಮ್ಮಕ್ಕಳನ್ನು ಆಡಿಸಿಕೊಂಡಿರಬಹುದಾದ ೮೬ರ ವಯಸ್ಸಿನಲ್ಲಿ, ೨೦೧೨ರಲ್ಲಿ ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆ ಮೊಕದ್ದಮೆಯಲ್ಲೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರು ಏಕಮತದಿಂದ, ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಸರಕಾರ ಅದರಲ್ಲಿ ಕೈಹಾಕಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಬೇಕಾದಷ್ಟನ್ನು ಮೀರಿರಬಾರದು. ಉಪಾಧ್ಯಾಯರಿಗೂ ಆಶಾ ಕಾರ್ಯಕರ್ತೆಯರಿಗೂ ಕೆಲಸ ಕೊಟ್ಟದ್ದು ಸರಕಾರವೇ ಆದ್ದರಿಂದ ಈ ಅಳತೆಗೋಲು ಅಲ್ಲಿ ನೇರವಾಗಿ ಸಲ್ಲುತ್ತದೆ. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ, ೯೮ ವರ್ಷ ತುಂಬುಬಾಳು ಬಾಳಿ, ತೀರಿಕೊಂಡರು.

ಖಾಸಗಿ ಕಂಪನಿಗಳನ್ನೂ ಒಳಗೊಂಡಂತೆ ಎಲ್ಲರಿಗೂ ಅನ್ವಯಿಸುವ ದತ್ತಾಂಶ ರಕ್ಷಣೆಯ ಕಾಯಿದೆ ೨೦೨೩ರಲ್ಲಿ ಬಂತು. ಒಬ್ಬರ ವಿವರಗಳನ್ನು ಸರಿಯಾಗಿ ಕಾಪಾಡದೆ ಹೋದವರಿಗೆ ೨೫೦ ಕೋಟಿ ರೂಪಾಯಿವರೆಗೆ ದಂಡ ಹಾಕಬಹುದೆಂದು ಅದರಲ್ಲಿದೆ. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ ೧೮ ತಿಂಗಳ ಅವಧಿ ಇಟ್ಟಿದ್ದಾರೆ. ಆದರೆ ನೌಕರಿ ಮಾಡುವವರು ಅದರ ಏಳನೆಯ ವಿಧಿಯನ್ನು ತಿಳಿದಿರಬೇಕು. ಕೆಲಸದ ಉದ್ದೇಶಕ್ಕಾಗಿ, ಅಥವಾ ಮಾಲಿಕನಿಗೆ ನಷ್ಟವಾಗದಂತೆ ತಡೆಯಲು, ನೌಕರನ ವಿವರಗಳನ್ನು ಅವನ ಒಪ್ಪಿಗೆ ಕೇಳದೆಯೇ ಬಳಸಬಹುದೆಂದು ಅದು ಹೇಳುತ್ತದೆ. ಬಾಗಿಲು ಅಗಲವಾಗಿದೆ. ಎಷ್ಟು ಅಗಲವೆಂಬುದನ್ನು ಮುಂದೆ ಮಂಡಲಿಯೂ ನ್ಯಾಯಾಲಯಗಳೂ ಅಳೆಯಬೇಕು. ಕರ್ನಾಟಕದ ಸರಕಾರ ೨೦೨೫ರಲ್ಲಿ, ಮನೆಮನೆಗೆ ಊಟ ಸಾಮಾನು ತಲುಪಿಸುವವರು, ಬಾಡಿಗೆ ಕಾರು ಓಡಿಸುವವರು ಮುಂತಾದವರಿಗಾಗಿ ಮಾಡಿದ ಕಾಯಿದೆಯಲ್ಲಿ, ಆ್ಯಪ್ ತಮ್ಮನ್ನು ಹೇಗೆ ಗಮನಿಸುತ್ತದೆ, ಹೇಗೆ ತೀರ್ಮಾನ ಮಾಡುತ್ತದೆ ಎಂಬುದನ್ನು ಆ ದುಡಿಮೆಗಾರರಿಗೆ ತಿಳಿಸಬೇಕೆಂಬ ಮಾತನ್ನು ಸೇರಿಸಿದೆ. ಒಳ್ಳೆಯ ಮೊದಲ ಹೆಜ್ಜೆ.

ಯುರೋಪಿನ ಒಂದು ಮೊಕದ್ದಮೆಯನ್ನೂ ಇಲ್ಲಿ ನೆನೆಯಬಹುದು. ರುಮೇನಿಯದ ಬರ್ಬುಲೆಸ್ಕು ಎಂಬ ಎಂಜಿನಿಯರು ಗಿರಾಕಿಗಳಿಗೆ ಉತ್ತರಿಸಲೆಂದು ಯಾಹೂ ಮೆಸೆಂಜರಿನಲ್ಲಿ ಒಂದು ಖಾತೆ ತೆರೆದಿದ್ದ. ಅದರಲ್ಲೇ ಅಣ್ಣತಮ್ಮನೊಡನೆಯೂ ಮದುವೆ ನಿಶ್ಚಯವಾಗಿದ್ದ ಹುಡುಗಿಯೊಡನೆಯೂ ಮಾತಾಡಿದ್ದು ೨೦೦೭ರಲ್ಲಿ ಬಯಲಾಯಿತು. ಮಾಲಿಕರು ಆ ಮಾತುಗಳನ್ನೆಲ್ಲ ೪೫ ಪುಟ ಮುದ್ರಿಸಿ ಮುಂದಿಟ್ಟು ಕೆಲಸದಿಂದ ತೆಗೆದರು. ಹತ್ತು ವರ್ಷ ಕಳೆದ ಮೇಲೆ, ೨೦೧೭ರ ಸೆಪ್ಟೆಂಬರ್ ೫ರಂದು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಖಾಸಗಿ ಮಾತಾಡಬಾರದೆಂದು ನಿಯಮವಿತ್ತು, ನಿಜ. ಆದರೆ ಆಡಿದ ಮಾತನ್ನೇ ಓದುತ್ತೇವೆಂದು ಮುಂಚೆ ಹೇಳಿರಲಿಲ್ಲ ಎಂಬುದು ಆ ತೀರ್ಪಿನ ಒಂದು ಮುಖ್ಯ ಅಂಶ. ಗಮನಿಸುವವನು ಮೊದಲು ಹೇಳಬೇಕು, ಕಾರಣ ಕೊಡಬೇಕು, ಕಡಮೆಯಲ್ಲಿ ಆಗುವುದಾದರೆ ಕಡಮೆಯಲ್ಲೇ ಮುಗಿಸಬೇಕು.

ಮನೆಮಂದಿಗೆ ಅನುಕೂಲವಾಗುವ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತೇವೆ. ಒಂದನೆಯದು, 'ಒಪ್ಪಿಗೆ' ಒತ್ತುವ ಮೊದಲು ಆ ಪುಟವನ್ನು ಓದಿ. ತಿಳಿಯದಿದ್ದರೆ ಮನೆಯ ಹುಡುಗರಿಂದ ಓದಿಸಿ. 'ಎಲ್ಲವನ್ನೂ ಅಳಿಸುವ' ಅಧಿಕಾರ ಎಂದಿದ್ದರೆ ಅಲ್ಲಿ ನಿಲ್ಲಿ. ಎರಡನೆಯದು, ಕಛೇರಿಗೆ ವಿನಯದ ಒಂದು ಪತ್ರ ಬರೆದು ಕೇಳಿ: ಏನನ್ನು ನೋಡುತ್ತೀರಿ, ಯಾವ ಹೊತ್ತಿನಲ್ಲಿ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಕೆಲಸ ಬಿಟ್ಟಾಗ ಏನನ್ನು ಅಳಿಸುತ್ತೀರಿ? ಬಾಯಿಮಾತಿನ ಭರವಸೆ ಮ್ಯಾನೇಜರು ವರ್ಗವಾಗಿ ಹೋದ ದಿನವೇ ಹೋಗುತ್ತದೆ. ಮೂರನೆಯದು, ಕೆಲಸದ ಹೊತ್ತು ಮುಗಿದ ಮೇಲೆ ಕೆಲಸದ ಭಾಗವನ್ನು ಮಲಗಿಸುವ ಗುಂಡಿ ವರ್ಕ್ ಪ್ರೊಫೈಲಿನಲ್ಲೇ ಇದೆ. ಕಛೇರಿ ಒಪ್ಪಿದರೆ ಅದನ್ನು ಬಳಸಿ. ನಾಲ್ಕನೆಯದು, ಪ್ರೀತಿಯವರ ಚಿತ್ರ, ದನಿ, ಪತ್ರಗಳನ್ನು ಕಛೇರಿಯ ಕೈಗೆ ನಿಲುಕದ ಕಡೆ ಇನ್ನೊಂದು ಪ್ರತಿ ಮಾಡಿಡಿ. ಇದನ್ನು ಈ ಹೊತ್ತೇ ಮಾಡಿ.

ಈಗ ನಮ್ಮ ಹಿರಿಯರ ಮಾತಿಗೆ. ತಪ್ಪು ಮಾಡದವನಿಗೆ ಭಯವೇನು ಎಂದು ಕೇಳಿದ್ದಾರೆ. ರಾಯರೇ, ತಾವು ದಿನವೂ ಕೇದಾರ ಘಾಟಿಗೆ ಸ್ನಾನಕ್ಕೆ ಹೋಗುವವರು. ಅಲ್ಲಿ ಗೋಡೆಯಿಲ್ಲ, ತೆರೆಯಿಲ್ಲ. ನೂರಾರು ಹೆಣ್ಣುಮಕ್ಕಳು ಬಯಲಿನಲ್ಲೇ ಮಿಂದು, ಒದ್ದೆ ಸೀರೆ ಬದಲಿಸಿ, ಕುಂಕುಮವಿಟ್ಟು ಹೋಗುತ್ತಾರೆ. ಮಗ್ಗುಲಲ್ಲಿರುವವರು ಮುಖ ತಿರುಗಿಸಿಕೊಳ್ಳುತ್ತಾರೆಂಬ ನಂಬಿಕೆಯೇ ಅವರಿಗೆ ತೆರೆ. ಆ ತಾಯಂದಿರು ಮರೆಮಾಡಬೇಕಾದ ತಪ್ಪನ್ನೇನೂ ಮಾಡಿಲ್ಲ. ಆದರೂ ಯಾರಾದರೂ ಮೆಟ್ಟಿಲ ಮೇಲೆ ಕುಳಿತು ನೆಟ್ಟನೋಟದಿಂದ ನೋಡತೊಡಗಿದರೆ ತಾವೇ ಮೊದಲು ಗದರಿಸುತ್ತೀರಿ. ಗುಟ್ಟು ಬೇರೆ, ಖಾಸಗಿ ಬೇರೆ. ಗುಟ್ಟು ತಪ್ಪಿನದೂ ಆಗಿರಬಹುದು. ಖಾಸಗಿ ಎಂಬುದು ಮಾನದ್ದು.

ಕೊನೆಗೆ ಒಂದು ಮಾತು, ಇದು ನಮಗೆಲ್ಲರಿಗೂ. ನಮ್ಮಲ್ಲಿ ಹಲವರು ನೌಕರರು ಮಾತ್ರವಲ್ಲ, ಯಜಮಾನರೂ ಹೌದು. ಯಾತ್ರಿಕರಿಗೆ ಊಟ ವಸತಿ ನಡೆಸುವವರಿದ್ದಾರೆ, ಅಂಗಡಿ ಇಟ್ಟವರಿದ್ದಾರೆ, ಕಾರಿನ ಡ್ರೈವರನ್ನೋ ಅಡಿಗೆಯವರನ್ನೋ ಇಟ್ಟುಕೊಂಡವರಿದ್ದಾರೆ. "ಎಲ್ಲಿದ್ದೀಯೆಂದು ತಿಳಿಯಲಿ, ಲೊಕೇಶನ್ ಹಾಕಿಟ್ಟಿರು" ಎಂದು ಅವರಿಗೆ ಹೇಳುವಾಗ ನಾಲಗೆ ತಡವರಿಸುವುದಿಲ್ಲ. ಡ್ರೈವರು ಗಾಡಿಯ ಕೈ ಕೊಟ್ಟು ಮನೆಗೆ ಹೋದ ಮೇಲೂ ಅವನ ಚುಕ್ಕಿ ನಮ್ಮ ಫೋನಿನಲ್ಲಿ ಮಿನುಗುತ್ತಿದ್ದರೆ, ನಾವು ದೂರುತ್ತಿರುವ ಮೇಲಧಿಕಾರಿಗಿಂತ ನಾವೇನು ಮೇಲು? ಅವನಿಗೂ ಒಂದು ಸಂಜೆ ಉಂಟು. ಅದನ್ನು ಅವನಿಗೆ ಬಿಟ್ಟುಕೊಡೋಣ.

ಈ ವಿಷಯದಲ್ಲಿ ಅನುಭವವಿರುವ ಸದಸ್ಯರು, ಮುಖ್ಯವಾಗಿ ನಮ್ಮ ತರುಣ ತರುಣಿಯರು, ನಮಗೆ ಬರೆಯಬೇಕಾಗಿ ಕೋರಿಕೆ. ಕಛೇರಿಯ ಹೆಸರು ಬೇಡ, ಸಂಗತಿ ಸಾಕು. ಮುಂದಿನ ಸಂಚಿಕೆ ಅಚ್ಚಿಗೆ ಹೋಗುವುದರೊಳಗೆ ತಲುಪಿದ ಪತ್ರಗಳಿಗೆ ಇಲ್ಲಿಯೇ ಉತ್ತರ ಕೊಡುತ್ತೇವೆ.